ಬಿಡು: ಒಂದು ಕ್ರಿಯಾಪದದ ದೈವಶಾಸ್ತ್ರ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ‘ಅಫಿಯೇಮಿ’ ಎಂಬ ಕ್ರಿಯಾಪದ ಸುಮಾರು 140 ಸಲ ಬರುತ್ತದೆ. ಅದರ ಬಹುಪಾಲು ನಾಲ್ಕು ಶುಭಸಂದೇಶಗಳಲ್ಲಿಯೇ ಇದೆ. ಮೊದಲ ಶಿಷ್ಯರು ಬಲೆಗಳನ್ನು ಬಿಟ್ಟು ಯೇಸುವನ್ನು ಹಿಂಬಾಲಿಸಿದರು. ಪೇತ್ರನ ಅತ್ತೆಯನ್ನು ಜ್ವರ ಬಿಟ್ಟಿತು. ಮಕ್ಕಳು ತಮ್ಮ ಬಳಿಗೆ ಬರುವುದಕ್ಕೆ ಬಿಡಬೇಕೆಂದು ಯೇಸು ಶಿಷ್ಯರಿಗೆ ಹೇಳಿದರು. ಗೋದಿಯೊಡನೆ ಕಳೆಯೂ ಬೆಳೆಯಲು ಬಿಡಿರೆಂದು ಹೊಲದೊಡೆಯ ಆಳುಗಳಿಗೆ ಹೇಳಿದ. ಕೂಲಿಗೆ ಬಂದ ಕುರುಬ ತೋಳವನ್ನು ಕಂಡು ಕುರಿಗಳನ್ನು ಬಿಟ್ಟು ಓಡಿದ. ಗೆತ್ಸೆಮನೆಯಲ್ಲಿ ಶಿಷ್ಯರೆಲ್ಲರೂ ಗುರುವನ್ನು ಬಿಟ್ಟು ಓಡಿದರು. ತಮ್ಮ ಶಾಂತಿಯನ್ನು ಶಿಷ್ಯರ ಬಳಿ ಬಿಟ್ಟುಹೋಗುವೆನೆಂದು ಯೇಸು ಹೇಳಿದರು; ಮತ್ತಾಯನ ಪ್ರಕಾರ ಶಿಲುಬೆಯ ಮೇಲೆ ಪ್ರಾಣ ಬಿಟ್ಟರು. ಇವೆಲ್ಲಕ್ಕೂ ಮೂಲದಲ್ಲಿರುವುದು ಅದೇ ಒಂದು ಕ್ರಿಯಾಪದ. ಪಾಪಗಳನ್ನು ಕ್ಷಮಿಸುವುದಕ್ಕೂ ಅದೇ.

ಈ ಪಟ್ಟಿಯನ್ನು ಕನ್ನಡದಲ್ಲಿ ಓದುವಾಗ ಒಂದು ಸಂಗತಿ ಎದ್ದು ಕಾಣುತ್ತದೆ. ‘ಬಿಡು’ ಎಂಬ ನಮ್ಮ ಕ್ರಿಯಾಪದ ಎಲ್ಲ ಕಡೆಯೂ ತಾನಾಗಿ ಬಂದು ಕೂತಿತು. ಕೊನೆಯ ವಾಕ್ಯದಲ್ಲಿ ಮಾತ್ರ ಸಂಸ್ಕೃತದಿಂದ ಬಂದ ‘ಕ್ಷಮಿಸು’ ಅದರ ಜಾಗವನ್ನು ಹಿಡಿಯಿತು. ಭಾಷಾಂತರಕಾರರನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಪಾಪಕ್ಷಮೆಯನ್ನು ಬೋಧಿಸುವ, ಪಾಪನಿವೇದನೆಯನ್ನು ಆಲಿಸುವ ಯಾಜಕನಿಗೂ ಮುಂದೆ ಯಾಜಕನಾಗಲಿರುವ ಗುರುಮಠದ ವಿದ್ಯಾರ್ಥಿಗೂ ಆ ಒಂದು ಬದಲಾವಣೆಯಿಂದ ಏನು ಕೈತಪ್ಪಿತು ಎಂಬುದು ತಿಳಿದಿರಬೇಕು.

ಮೊದಲು ಇಂಗ್ಲಿಷಿನ ಕಡೆ ಸ್ವಲ್ಪ ನೋಡೋಣ; ನಮ್ಮ ಗುರುಮಠಗಳಲ್ಲಿ ಬೈಬಲ್ ಅಧ್ಯಯನ ಹೆಚ್ಚಾಗಿ ಆ ಭಾಷೆಯ ಮೂಲಕವೇ ನಡೆಯುತ್ತದೆ. ಗ್ರೀಕಿನ ಈ ಒಂದು ಪದವನ್ನು ಇಂಗ್ಲಿಷ್ ಮುಖ್ಯವಾಗಿ ಮೂರು ಪದಗಳಿಗೆ ಹಂಚುತ್ತದೆ: ‘ಲೀವ್’, ‘ಲೆಟ್’, ‘ಫರ್ಗಿವ್’. ‘ಲೀವ್’ ಎಂಬುದರ ಚರಿತ್ರೆ ಸ್ವಾರಸ್ಯಕರವಾದುದು. ಇಂದು ಅದಕ್ಕೆ ‘ಹೊರಟುಹೋಗು’ ಎಂಬುದೇ ಮೊದಲ ಅರ್ಥವೆಂದು ತೋರಿದರೂ ಪ್ರಾಚೀನ ಇಂಗ್ಲಿಷಿನಲ್ಲಿ ಅದರ ಅರ್ಥ ‘ಉಳಿಯುವಂತೆ ಮಾಡು’ ಎಂದಾಗಿತ್ತು. ಸತ್ತವನು ಮಕ್ಕಳಿಗೆ ಆಸ್ತಿಯನ್ನು ಉಳಿಸಿಹೋಗುವ ಅರ್ಥ ಅದು. ‘ಲೈಫ್’ ಎಂಬ ಪದಕ್ಕೆ ಅದು ದಾಯಾದಿ. ಉಳಿಸಿದವನು ತಾನು ಹೋಗಿಯೇ ಇರುತ್ತಾನಾದ್ದರಿಂದ ಕ್ರಮೇಣ ಹೋಗುವುದೇ ಮುಖ್ಯಾರ್ಥವಾಯಿತು. ನಾವು ‘ಲೀವ್ ಲೆಟರ್’ ಬರೆಯುವಾಗಿನ ‘ಲೀವ್’ ಮಾತ್ರ ಬೇರೆಯೇ ಪದ; ಉಚ್ಚಾರಣೆ ಒಂದಾಗಿರುವುದು ಆಕಸ್ಮಿಕ. ಅದರ ಅರ್ಥ ‘ಅನುಮತಿ’. ‘ಲವ್’, ‘ಬಿಲೀವ್’ ಎಂಬ ಪದಗಳು ಹುಟ್ಟಿದ ಬೇರಿನಿಂದಲೇ ಅದೂ ಹುಟ್ಟಿದೆ: ಮನಸ್ಸಿಗೆ ಒಪ್ಪಿದ್ದನ್ನು ಪ್ರೀತಿಸುತ್ತೇವೆ, ನಂಬುತ್ತೇವೆ, ಅದಕ್ಕೆ ಅನುಮತಿ ಕೊಡುತ್ತೇವೆ. ಅರಬ್ಬಿಯಿಂದ ಫಾರ್ಸಿಯ ದಾರಿಯಾಗಿ ಕನ್ನಡಕ್ಕೆ ಬಂದ ನಮ್ಮ ‘ರಜೆ’ಗೂ ಮೂಲಾರ್ಥ ಒಪ್ಪಿಗೆಯೇ. ‘ಲೆಟ್’ನ ಕಥೆ ಇನ್ನೂ ವಿಚಿತ್ರ. ‘ಬಿಡು’ ಎಂಬ ಅರ್ಥದ ಆ ಪದದ ಪಕ್ಕದಲ್ಲಿಯೇ ‘ತಡೆ’ ಎಂಬ ಅರ್ಥದ ಇನ್ನೊಂದು ‘ಲೆಟ್’ ಇತ್ತು. ಈ ಎರಡನೆಯದು ಬಳಕೆಯಿಂದ ಜಾರಿದ್ದರೂ ನಮ್ಮ ಪಾಸ್‌ಪೋರ್ಟಿನ ಒಳಪುಟದಲ್ಲಿ, ಧಾರಕನಿಗೆ ಅಡ್ಡಿಯಾಗದಿರಲಿ ಎಂದು ಕೋರುವ ವಾಕ್ಯದಲ್ಲಿ, ಇಂದಿಗೂ ಬದುಕಿದೆ.

‘ಫರ್ಗಿವ್’ ಎಂಬುದರಲ್ಲಿ ‘ಪೂರ್ತಿಯಾಗಿ ಕೊಟ್ಟುಬಿಡು’ ಎಂಬ ಭಾವವಿದೆ. ಒಳ್ಳೆಯ ಪದವೇ. ಆದರೆ ಇಂಗ್ಲಿಷ್ ಓದುಗನಿಗೆ ಪೇತ್ರ ಬಲೆ ಬಿಟ್ಟದ್ದಕ್ಕೂ ದೇವರು ಪಾಪ ಬಿಟ್ಟದ್ದಕ್ಕೂ ಸಂಬಂಧವಿದೆಯೆಂದು ಪದದಿಂದಲೇ ತಿಳಿಯುವುದಿಲ್ಲ, ಅಡಿಟಿಪ್ಪಣಿ ಬೇಕು.

ಕನ್ನಡಿಗನಿಗೆ ಆ ಅಡಿಟಿಪ್ಪಣಿ ಬೇಕಾಗಿಲ್ಲ. ‘ಬಿಡು’ ಅಚ್ಚ ದ್ರಾವಿಡ ಧಾತು. ತಮಿಳು, ಮಲಯಾಳಗಳಲ್ಲಿ ಅದು ‘ವಿಡು’, ತೆಲುಗಿನಲ್ಲಿ ‘ವಿಡುಚು’, ತುಳುವಿನಲ್ಲಿ ‘ಬುಡು’ ಎಂದಿದೆ. ಪದದ ಮೊದಲ ‘ವ’ಕಾರ ಕನ್ನಡದಲ್ಲಿ ‘ಬ’ಕಾರವಾಗುವುದು ವ್ಯಾಕರಣ ಓದಿದವರಿಗೆ ತಿಳಿದ ನಿಯಮ. ಈ ಪುಟ್ಟ ಧಾತುವಿನ ಹರಹನ್ನು ಅರಿಯಲು ನಿಘಂಟಿಗಿಂತ ಊರೇ ಮೇಲು. ನನ್ನ ಊರು ಹೂವಿನಹಡಗಲಿ ತಾಲ್ಲೂಕಿನ ಹೊಳಲು. ಅಲ್ಲಿ ಮಲ್ಲಿಗೆ ಬಳ್ಳಿ ಹೂ ಬಿಡುತ್ತದೆ. ಹೆಂಗಸರು ಬೆಳಗಿನ ಜಾವ ಎದ್ದು ಮೊಗ್ಗು ಬಿಡಿಸುತ್ತಾರೆ. ಹತ್ತಿ ಬಿಡಿಸುತ್ತಾರೆ, ಶೇಂಗಾ ಬಿಡಿಸುತ್ತಾರೆ. ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ ಎಂಬುದೇ ಮುಂಗಾರಿನ ನಂತರದ ಮುಖ್ಯ ಮಾತು. ಸಂಜೆ ಸಾಲಿ ಬಿಡುತ್ತದೆ. ಹೊಲದಿಂದ ಬಂದ ಎತ್ತುಗಳನ್ನು ನೊಗದಿಂದ ಬಿಡುತ್ತಾರೆ. ಮಳೆ ಕೈಕೊಟ್ಟ ವರ್ಷ ಜನ ಊರು ಬಿಟ್ಟು ಗುಳೆ ಹೋಗುತ್ತಾರೆ, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟಿರುತ್ತಾರೆ. ಕೆಲಸ ಇಲ್ಲದ ಹೊತ್ತು ಬಿಡುವು. ಸೆರೆಯಿಂದ ಹೊರಬರುವುದು ಬಿಡುಗಡೆ. ಹೋದ ಮಾತು ಮರಳಿ ಬಾರದು ಎನ್ನುವಂತೆ ‘ಹೇಳಿಬಿಟ್ಟೆ’, ‘ಬಂದುಬಿಟ್ಟ’ ಎಂದು ಇನ್ನೊಂದು ಕ್ರಿಯಾಪದದ ಬೆನ್ನಿಗೆ ನಿಂತು, ನಡೆದದ್ದು ನಡೆದೇ ಹೋಯಿತು ಎಂಬ ಮುದ್ರೆಯನ್ನೂ ಅದು ಒತ್ತುತ್ತದೆ.

ಪೇತ್ರನ ಅತ್ತೆಯ ಪ್ರಸಂಗವನ್ನು ಇಲ್ಲಿ ಮತ್ತೊಮ್ಮೆ ನೆನೆಯಬಹುದು. ಜ್ವರ ಅವಳನ್ನು ‘ಬಿಟ್ಟಿತು’ ಎಂದು ಮಾರ್ಕನೂ (1:31) ಮತ್ತಾಯನೂ (8:15) ಹೇಳುತ್ತಾರೆ. ಹೊಳಲಿನ ಯಾವ ತಾಯಿಯೂ ತನ್ನ ಮಗುವಿನ ಬಗ್ಗೆ ಇದಕ್ಕಿಂತ ಬೇರೆಯಾಗಿ ಹೇಳಲಾರಳು. ಹಿಡಿದ ಜ್ವರ ಬಿಡುತ್ತದೆ. ಹಿಡಿದದ್ದು ಯಾವುದೋ ಅದೇ ಬಿಡಬೇಕು. ಪಾಪವನ್ನು ಕುರಿತು ಮಾತಾಡುವಾಗಲೂ ಇದೇ ಚಿತ್ರ ಶುಭಸಂದೇಶಕಾರರ ಮನಸ್ಸಿನಲ್ಲಿದೆ.

‘ಬೀಡು’ ಎಂಬ ನಾಮಪದವೂ ಇದೇ ಧಾತುವಿನಿಂದ ಬಂದದ್ದು. ಪಯಣಿಗರು ಬಂಡಿ ಬಿಟ್ಟು, ಎತ್ತು ಬಿಟ್ಟು, ಹೊರೆ ಇಳಿಸಿದ ಜಾಗ ಬೀಡು, ‘ಬಿಡಾರ’ವೂ ಹಾಗೆಯೇ. ತಮಿಳಿನಲ್ಲಿ ಇದೇ ಪದವಾದ ‘ವೀಡು’ ಮನೆಯೂ ಹೌದು, ಮೋಕ್ಷವೂ ಹೌದು. ಪ್ರಭು ತಂದೆಯ ಮನೆಯಲ್ಲಿ ಅನೇಕ ನಿವಾಸಗಳಿವೆ ಎಂದಾಗ (ಯೊವಾನ್ನ 14:2) ಯೊವಾನ್ನ ಬಳಸಿದ ಗ್ರೀಕ್ ಪದಕ್ಕೆ ತಂಗುವ ತಾಣ ಎಂಬ ಅರ್ಥ. ಅಲ್ಲಿ ‘ಬೀಡು’ ಎಂದರೆ ತಪ್ಪಾಗದು. ಪ್ರಾಸಂಗಿಕವಾಗಿ ಹೇಳುವುದಾದರೆ ‘ಹೊಳಲು’ ಎಂಬುದಕ್ಕೂ ಹಳಗನ್ನಡದಲ್ಲಿ ಪಟ್ಟಣವೆಂದೇ ಅರ್ಥ. ಕವಿಗಳ ‘ಪೊೞಲ್’ ಅದೇ. ಹೊಸಪೇಟೆಯ ಬಳಿಯ ಅನಂತಶಯನಗುಡಿಗೆಂದು ಕಡೆದ ಮೂರ್ತಿ ಹೊಳಲನ್ನು ಬಿಟ್ಟು ಕದಲಲಿಲ್ಲ ಎಂದು ಊರವರು ಹೇಳುತ್ತಾರೆ. ಆ ಐತಿಹ್ಯದ ವಿಚಾರಣೆ ಇಲ್ಲಿ ಬೇಡ. ದೇವರು ಊರನ್ನು ಬಿಡಲಿಲ್ಲ ಎಂಬ ಮಾತಿನಲ್ಲಿ ಜನ ಪಡುವ ಸಮಾಧಾನ ಎಂಥದೆಂಬುದನ್ನು ಮಾತ್ರ ಗುರುತಿಟ್ಟುಕೊಳ್ಳೋಣ; ಮುಂದೆ ಅದು ಬೇಕಾಗುತ್ತದೆ.

ದೈವಶಾಸ್ತ್ರಕ್ಕೆ ಇನ್ನೂ ಹತ್ತಿರದ ಅರ್ಥವೊಂದು ಕಲ್ಲಿನ ಮೇಲೆ ಇದೆ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳಿರುವ ಹಡಗಲಿ, ಮಾಗಳ, ಕುರುವತ್ತಿಗಳು ನಮ್ಮ ಸೀಮೆಯವೇ. ಆ ಕಾಲದ ಕನ್ನಡ ದಾನಶಾಸನಗಳಲ್ಲಿ ಅರಸನೋ ಅಧಿಕಾರಿಯೋ ಭೂಮಿಯನ್ನು ‘ಕೊಟ್ಟ’ ಎಂದು ಹೇಳುವಂತೆಯೇ ‘ಬಿಟ್ಟ’ ಎಂದೂ ಹೇಳುವ ವಾಡಿಕೆ. ಧಾರೆಯೆರೆದು ಬಿಟ್ಟ ದತ್ತಿ, ಬಿಟ್ಟ ಮತ್ತರು, ತೆರಿಗೆಯಿಲ್ಲದೆ ಬಿಟ್ಟ ಹೊಲ. ಹೀಗೆ ‘ಬಿಡು’ ಎಂದರೆ ಏಕಕಾಲಕ್ಕೆ ಹಕ್ಕನ್ನು ತೊರೆಯುವುದು, ಬರಬೇಕಾದ್ದನ್ನು ಮನ್ನಾ ಮಾಡುವುದು, ದಾನವಾಗಿ ಕೊಡುವುದು. ಸಂತ ಪೌಲರು ಕ್ಷಮೆಯನ್ನು ಹೇಳಲು ಬೇರೊಂದು ಗ್ರೀಕ್ ಕ್ರಿಯಾಪದವನ್ನು ಬಳಸುತ್ತಾರೆ: ‘ಖರೀಜೊಮಾಯ್’, ಅಂದರೆ ಕೃಪೆಯಿಂದ ಉಚಿತವಾಗಿ ಕೊಡು (ಎಫೆಸ 4:32, ಕೊಲೊಸ್ಸೆ 3:13). ಶುಭಸಂದೇಶಗಳ ‘ಬಿಡು’ ಮತ್ತು ಪೌಲರ ‘ಕೊಡು’ ಗ್ರೀಕಿನಲ್ಲಿ ಎರಡು ಪದಗಳು. ನಮ್ಮ ಶಾಸನದ ಲಿಪಿಕಾರನಿಗೆ ಎರಡಕ್ಕೂ ಒಂದೇ ಸಾಕಾಗಿತ್ತು.

ಇಷ್ಟು ಸಮೃದ್ಧವಾದ ಪದ ಕೈಯಲ್ಲಿರುವಾಗ ‘ಕ್ಷಮಿಸು’ ಎಲ್ಲಿಂದ ಬಂತು? 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಕನ್ನಡದಲ್ಲಿ ಸಂಪೂರ್ಣ ಬೈಬಲನ್ನು ಸಿದ್ಧಪಡಿಸಿದ್ದು 1831ರ ಹೊತ್ತಿಗೆ. ನಮ್ಮ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಆಗ ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಅಂದಿನಿಂದ ಇಂದಿನವರೆಗೆ ಎಲ್ಲ ಸಭೆಗಳ ಭಾಷಾಂತರಕಾರರೂ ಪವಿತ್ರ ಗ್ರಂಥಕ್ಕೆ ತಕ್ಕ ಘನತೆಯ ಭಾಷೆಯನ್ನು ಹುಡುಕಿದರು. ಕನ್ನಡದಲ್ಲಿ ಪೂಜ್ಯವಾದ ಮಾತಿಗೆ ಸಂಸ್ಕೃತದ ಉಡುಗೆ ತೊಡಿಸುವುದು ಹಳೆಯ ರೂಢಿ. ‘ಬಿಡು’ ಹೊಲಮನೆಗಳ ಪದ. ಪ್ರಾರ್ಥನೆಯಲ್ಲಿ ಅದು ಒರಟಾಗಿ ಕೇಳಿಸೀತೆಂಬ ಅಳುಕು ಸಹಜವೇ.

ಆದರೆ ‘ಕ್ಷಮ್’ ಧಾತುವಿನ ಮೂಲಾರ್ಥ ‘ಸಹಿಸು, ತಾಳಿಕೋ’. ‘ಕ್ಷಮಾ’ ಎಂದರೆ ತಾಳ್ಮೆ. ಎಲ್ಲವನ್ನೂ ತಾಳಿಕೊಳ್ಳುವ ಭೂಮಿಗೂ ಆ ಹೆಸರಿದೆ. ಆದರ್ಶ ಪತ್ನಿ ಕ್ಷಮೆಯಲ್ಲಿ ಭೂಮಿಯಂತಿರಬೇಕು ಎನ್ನುವ ಸುಭಾಷಿತವನ್ನು ನಮ್ಮ ಮದುವೆಯ ಮನೆಗಳಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಇಲ್ಲಿಯೇ ಪದವಿಚಾರ ಪಾಲನಾ ಸೇವೆಗೆ ಬಂದು ತಾಗುತ್ತದೆ. ಗಂಡನ ಹೊಡೆತವನ್ನು ವರ್ಷಗಟ್ಟಲೆ ಉಂಡ ಹೆಣ್ಣುಮಗಳೊಬ್ಬಳು ಪಾಪನಿವೇದನೆಗೆ ಬಂದು, ತನಗೆ ಕ್ಷಮಿಸಲು ಆಗುತ್ತಿಲ್ಲವೆಂಬುದನ್ನೇ ತನ್ನ ಪಾಪವೆಂದು ಹೇಳಿಕೊಳ್ಳುತ್ತಾಳೆ. ಯಾಜಕ ‘ಕ್ಷಮಿಸಮ್ಮ’ ಎನ್ನುತ್ತಾನೆ. ಅವಳ ಕಿವಿಗೆ ಬೀಳುವುದು ‘ತಾಳಿಕೊಳ್ಳಮ್ಮ’ ಎಂದೇ. ಮನೆಗೆ ಹೋಗಿ ಇನ್ನಷ್ಟು ತಾಳಿಕೊಳ್ಳುತ್ತಾಳೆ. ಶುಭಸಂದೇಶದ ಹೆಸರಿನಲ್ಲಿ ಅವಳಿಗೆ ದೊರೆತದ್ದು ಶುಭಸಂದೇಶವಲ್ಲ.

ತಾಳ್ಮೆ ಕ್ರೈಸ್ತ ಸದ್ಗುಣವಲ್ಲವೆಂದು ನಾನು ಹೇಳುತ್ತಿಲ್ಲ. ಮೇಲೆ ಹೇಳಿದ ಕೊಲೊಸ್ಸೆಯ ವಚನದಲ್ಲಿ ಪೌಲರು ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದನ್ನೂ ಕ್ಷಮಿಸುವುದನ್ನೂ ಜೊತೆಜೊತೆಯಾಗಿ ಇಟ್ಟಿದ್ದಾರೆ. ಎರಡು ಪದಗಳನ್ನಿಟ್ಟದ್ದೇ ಅವು ಎರಡು ಕ್ರಿಯೆಗಳೆಂಬುದಕ್ಕೆ ಸಾಕ್ಷಿ. ಹೀಬ್ರೂ ಭಾಷೆಯಲ್ಲಿಯೂ ಕ್ಷಮೆಗೆ ಬಳಸುವ ‘ನಾಸಾ’ ಎಂಬ ಪದಕ್ಕೆ ಎತ್ತು, ಹೊರು ಎಂಬ ಅರ್ಥಗಳಿವೆ. ಯೆಶಾಯನ ನೊಂದ ಸೇವಕ ಅನೇಕರ ಪಾಪವನ್ನು ಹೊರುವುದು ಅದೇ ಪದದಿಂದ. ಆದರೆ ಅಲ್ಲಿ ಹೊರುವವನು ಸ್ವತಃ ಮುಂದೆ ಬಂದು ಹೊರುತ್ತಾನೆ. ಪಕ್ಕದಲ್ಲಿ ನಿಂತವನೊಬ್ಬ ನೊಂದವಳ ತಲೆಯ ಮೇಲೆ ಹೊರೆಯೆತ್ತಿ ಇಡುವ ಚಿತ್ರ ಅದಲ್ಲ.

‘ಬಿಡು’ ಎಂಬ ಪದದ ಹಿಂದೆ ಸಾಲದ ಲೆಕ್ಕವಿದೆ. ಯೇಸು ಆಡುತ್ತಿದ್ದ ಅರಮಾಯ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ; ಮತ್ತಾಯನ ಪಾಠದಲ್ಲಿ ಪ್ರಭು ಕಲಿಸಿದ ಪ್ರಾರ್ಥನೆ ‘ಸಾಲ’ ಎಂಬ ಪದವನ್ನೇ ಉಳಿಸಿಕೊಂಡಿದೆ. ಸಾಲ ಬಿಡಬೇಕಾದರೆ ಮೊದಲು ಸಾಲ ಇದೆಯೆಂದು ಎರಡೂ ಕಡೆಯವರು ಒಪ್ಪಬೇಕು, ಮೊತ್ತ ಎಷ್ಟೆಂದು ಗೊತ್ತಾಗಬೇಕು. ಧರ್ಮೋಪದೇಶಕಾಂಡದ 15ನೆಯ ಅಧ್ಯಾಯ ಏಳನೆಯ ವರ್ಷದ ಸಾಲಬಿಡುಗಡೆಯನ್ನು ವಿಧಿಸುವಾಗ ಬಳಸುವ ಹೀಬ್ರೂ ಪದಕ್ಕೆ ಕೈಯಲ್ಲಿ ಹಿಡಿದದ್ದನ್ನು ಕೆಳಗೆ ಬೀಳಬಿಡುವುದೆಂಬ ಅರ್ಥ. ಸಾಲ ಕೊಟ್ಟವನ ‘ಕೈ’ಯನ್ನೇ ಆ ಅಧ್ಯಾಯ ಮತ್ತೆ ಮತ್ತೆ ಹೆಸರಿಸುತ್ತದೆ. ಗ್ರೀಕ್ ಭಾಷಾಂತರಕಾರರು ಆ ಬಿಡುಗಡೆಯನ್ನೂ ಯಾಜಕಕಾಂಡದ ಜೂಬಿಲಿ ವರ್ಷದ ವಿಮೋಚನೆಯನ್ನೂ ‘ಆಫೆಸಿಸ್’ ಎಂದರು. ಅದು ‘ಅಫಿಯೇಮಿ’ಯ ನಾಮಪದ. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸು ಸೆರೆಯವರಿಗೆ ಸಾರಿದ ಬಿಡುಗಡೆಯೂ (ಲೂಕ 4:18), ಕಡೆಯ ಭೋಜನದಲ್ಲಿ ಪಾನಪಾತ್ರೆಯನ್ನು ಹಿಡಿದು ಹೇಳಿದ ಪಾಪಕ್ಷಮೆಯೂ (ಮತ್ತಾಯ 26:28) ಅದೇ ಪದ. ಪ್ರತಿ ಬಲಿಪೂಜೆಯಲ್ಲಿಯೂ ನಾವು ಆ ಪಾತ್ರೆಯ ಮೇಲೆ ಉಚ್ಚರಿಸುವುದು ಒಂದು ಬಿಡುಗಡೆಯ ಪತ್ರವನ್ನು.

ಮತ್ತಾಯ 18ರ ಸಾಲಗಾರ ಸೇವಕನ ಸಾಮತಿಯನ್ನು ಈ ಬೆಳಕಿನಲ್ಲಿ ಓದಬೇಕು. ಅರಸನಿಗೆ ಸಲ್ಲಬೇಕಾದದ್ದು 10,000 ತಲಾಂತು. ಒಂದು ತಲಾಂತು 6,000 ದೆನಾರಿ. ಒಂದು ದೆನಾರಿ ಒಬ್ಬ ಕೂಲಿಯಾಳಿನ ದಿನಗೂಲಿ. ಅಂದರೆ ಆರು ಕೋಟಿ ದಿನಗಳ ದುಡಿಮೆ, ರಜೆಯಿಲ್ಲದೆ ದುಡಿದರೂ 1,64,000 ವರ್ಷ. ಇದು ತೀರಿಸಲಾಗದ ಸಾಲವೆಂದು ಎಲ್ಲ ಪ್ರಬೋಧಕರೂ ಹೇಳುತ್ತಾರೆ. ಆದರೆ ಅವನ ಜೊತೆಗಾರ ಅವನಿಗೆ ಕೊಡಬೇಕಾಗಿದ್ದ 100 ದೆನಾರಿಯನ್ನು ‘ಚಿಲ್ಲರೆ ಕಾಸು’ ಎಂದು ತಳ್ಳಿಹಾಕುವುದು ಸರಿಯಲ್ಲ. ಅದು 100 ದಿನದ ಕೂಲಿ. 2005ರ ಉದ್ಯೋಗ ಖಾತ್ರಿ ಕಾಯ್ದೆ ಒಂದು ಗ್ರಾಮೀಣ ಕುಟುಂಬಕ್ಕೆ ವರ್ಷವೊಂದಕ್ಕೆ ಖಾತ್ರಿ ಕೊಟ್ಟದ್ದು ಅಷ್ಟೇ ದಿನಗಳನ್ನು. ನಮ್ಮ ಕಡೆಯ ಬಡಮನೆಯೊಂದು ಇಡೀ ವರ್ಷ ನೆಚ್ಚಿಕೊಂಡ ದುಡ್ಡು ಚಿಲ್ಲರೆಯಲ್ಲ. ಒಬ್ಬರು ಇನ್ನೊಬ್ಬರಿಗೆ ಮಾಡುವ ಅನ್ಯಾಯ ಹಗುರವೆಂದು ಯೇಸು ಈ ಸಾಮತಿಯಲ್ಲಿ ಹೇಳುತ್ತಿಲ್ಲ. ಅದನ್ನು 100 ದಿನವೆಂದು ಎಣಿಸಿ ಹೇಳುತ್ತಾರೆ. ಎಣಿಸಿದ ಮೇಲೆ ಬಿಡಲು ಹೇಳುತ್ತಾರೆ. ‘ತಾಳಿಕೋ’ ಎಂಬ ಪದದಲ್ಲಿ ಈ ಎಣಿಕೆಗೆ ಜಾಗವಿಲ್ಲ.

ಸಾಲ ಬಿಟ್ಟರೆ ಅದು ಗಾಳಿಯಲ್ಲಿ ಕರಗಿಹೋಗುವುದಿಲ್ಲ ಎಂಬುದು ರೈತನಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. 2018ರಲ್ಲಿ ರಾಜ್ಯ ಸರ್ಕಾರ ಬೆಳೆಸಾಲ ಮನ್ನಾ ಘೋಷಿಸಿದಾಗ ಬ್ಯಾಂಕಿನ ಪುಸ್ತಕದಲ್ಲಿದ್ದ ಮೊತ್ತವನ್ನು ಬೊಕ್ಕಸ ತುಂಬಿಕೊಡಬೇಕಾಯಿತು. ಬಿಟ್ಟವರು ನಷ್ಟವನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತಾರೆ. ಸಾಮತಿಯ ಅರಸನೂ ಅಷ್ಟೇ: ಸೇವಕ ಕೇಳಿದ್ದು ಕಾಲಾವಕಾಶವನ್ನು, ಅಂದರೆ ತಾಳ್ಮೆಯನ್ನು, ಅರಸ ಕೊಟ್ಟದ್ದು ಬಿಡುಗಡೆಯನ್ನು. ಮೂಲದಲ್ಲಿ ಈ ಎರಡು ಪದಗಳೂ ಒಂದರ ಹಿಂದೆ ಒಂದು ಬರುತ್ತವೆ (18:26-27), ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿದೆ. ಕನ್ನಡದಲ್ಲಿ ಅರಸ ‘ಕ್ಷಮಿಸಿದ’ ಎಂದಾಗ ಸೇವಕ ಕೇಳಿದ್ದನ್ನೇ ಅವನು ಕೊಟ್ಟಂತೆ ತೋರುವ ಅಪಾಯವಿದೆ.

‘ಬಿಡು’ ಎಂಬುದನ್ನು ಇಷ್ಟು ಹೊಗಳಿದ ಮೇಲೆ ಅದರ ಕರಿನೆರಳನ್ನು ಮರೆಮಾಚುವುದು ಪ್ರಾಮಾಣಿಕತೆಯಾಗದು. ‘ಹೋಗಲಿ ಬಿಡು’ ಎಂಬ ಮಾತು ಎಷ್ಟೋ ಅನ್ಯಾಯಗಳನ್ನು ಲೆಕ್ಕಕ್ಕೆ ಬರುವ ಮುನ್ನವೇ ಹೂತುಹಾಕಿದೆ. ಅದು ಸಾಲ ಬಿಡುವುದಲ್ಲ, ಪುಸ್ತಕವನ್ನೇ ಮುಚ್ಚುವುದು. ‘ಗಂಡ ಬಿಟ್ಟವಳು’ ಎಂಬ ಹೆಸರನ್ನು ಹೆಣ್ಣೊಬ್ಬಳು ಜೀವಮಾನವೆಲ್ಲ ಹೊತ್ತು ತಿರುಗುತ್ತಾಳೆ. ಬಿಟ್ಟವನಿಗೆ ಅಂಥ ಹೆಸರೇನೂ ಇಲ್ಲ. ಬಳ್ಳಾರಿ ಸೀಮೆಯಲ್ಲಿ ಗಂಡು ಸಂತಾನವಿಲ್ಲದ ಮನೆಗಳವರು ಮಗಳನ್ನು ‘ಬಸವಿ ಬಿಡುವ’ ಪದ್ಧತಿಯೂ ಇತ್ತು. ದೇವರ ಹೆಸರಿನಲ್ಲಿ ಗೂಳಿಯನ್ನು ಬಿಟ್ಟಂತೆಯೇ ಮಗಳನ್ನೂ ‘ದೇವರಿಗೆ ಬಿಡುವುದು’. 1982ರ ಕಾಯ್ದೆ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿತು. ಆದರೆ ಹಾಗೆ ಬಿಡಲ್ಪಟ್ಟ ತಾಯಂದಿರೂ ಅವರ ಮಕ್ಕಳೂ ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ದೇವರಿಗೆ ಬಿಡುವುದೆಂದರೆ ಮನುಷ್ಯರು ಕೈಬಿಡುವುದೆಂದು ಅವರ ಬದುಕು ಅವರಿಗೆ ಕಲಿಸಿದೆ.

ಇದು ಶುಭಸಂದೇಶಕ್ಕೆ ಹೊರಗಿನ ಪ್ರಶ್ನೆಯಲ್ಲ. ಮಾರ್ಕ 7ರಲ್ಲಿ ಯೇಸು ‘ಕೊರ್ಬಾನ್’ ಪದ್ಧತಿಯನ್ನು ಖಂಡಿಸುತ್ತಾರೆ: ತಾಯಿತಂದೆಗೆ ಸಲ್ಲಬೇಕಾದ್ದನ್ನು ದೇವರಿಗೆ ಮುಡಿಪೆಂದು ಹೇಳಿ ಅವರನ್ನು ಕೈಬಿಡುವ ಪದ್ಧತಿ ಅದು. ಆ ಕೆಲವೇ ವಾಕ್ಯಗಳಲ್ಲಿ ‘ಅಫಿಯೇಮಿ’ ಎರಡು ಸಲ ಬರುತ್ತದೆ. ನೀವು ದೇವರ ಆಜ್ಞೆಯನ್ನು ಬಿಟ್ಟಿದ್ದೀರಿ, ಮಗ ತಾಯಿತಂದೆಗೆ ಏನನ್ನೂ ಮಾಡಲು ಬಿಡುವುದಿಲ್ಲ. ಪಾಪಗಳನ್ನು ಬಿಡಲು ಬಂದವರೇ ಮನುಷ್ಯರನ್ನು ದೇವರ ಹೆಸರಿನಲ್ಲಿ ಬಿಡುವುದನ್ನು ಒಪ್ಪಲಿಲ್ಲ. ಬಸವಿ ಬಿಡುವ ಪದ್ಧತಿಯ ಬಗ್ಗೆ ಧರ್ಮಸಭೆ ಏನು ಹೇಳಬೇಕೆಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಈ ಅಧ್ಯಾಯವನ್ನೇ ತೋರಿಸುತ್ತೇನೆ.

ಇನ್ನು ಶಿಲುಬೆಯ ಬಳಿಗೆ ಬರೋಣ. ಕೀರ್ತನೆ 22ರ ಮೊದಲ ಮಾತನ್ನು ಯೇಸು ಅರಮಾಯದಲ್ಲಿ ಕೂಗಿದರೆಂದು ಮಾರ್ಕ ದಾಖಲಿಸುತ್ತಾನೆ (15:34). ಅದರ ಕೊನೆಯ ಪದ ‘ಸಬಕ್ತಾನಿ’ ನಮ್ಮ ಕನ್ನಡ ಬೈಬಲಿನಲ್ಲಿಯೂ ಹಾಗೆಯೇ ಉಳಿದಿದೆ. ಅದರ ಧಾತು ‘ಶ್ಬಕ್’. ಅರ್ಥ: ಬಿಡು. ಇದೇ ಧಾತು ಅರಮಾಯದಲ್ಲಿ ಸಾಲ ಬಿಡುವುದಕ್ಕೂ ಪಾಪ ಕ್ಷಮಿಸುವುದಕ್ಕೂ ಬಳಕೆಯಾಗುತ್ತದೆ. ಅರಮಾಯದ ಒಂದು ಶಾಖೆಯಾದ ಸಿರಿಯಾಕ್ ಭಾಷೆಯ ಪ್ರಾಚೀನ ಬೈಬಲಾದ ಪೆಶಿತ್ತಾವನ್ನು ತೆರೆದರೆ, ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಮ್ಮ ಸಾಲಗಳನ್ನು ಬಿಡು ಎಂದು ಬೇಡುವಲ್ಲಿ ಈ ಧಾತು ಕಾಣುತ್ತದೆ. ಲೂಕನ ಪ್ರಕಾರ ಯೇಸು ತಮ್ಮನ್ನು ಶಿಲುಬೆಗೇರಿಸಿದವರನ್ನು ಕ್ಷಮಿಸೆಂದು ತಂದೆಯನ್ನು ಬೇಡುವಲ್ಲಿಯೂ (23:34), ಏಕೆ ನನ್ನನ್ನು ತೊರೆದೆ ಎಂದು ಕೂಗುವಲ್ಲಿಯೂ ಅದೇ. ಗ್ರೀಕಿನಲ್ಲಿ ಬರೆದ ಶುಭಸಂದೇಶಕಾರರು ಆ ಕೂಗಿಗೆ ಬೇರೊಂದು ಕ್ರಿಯಾಪದವನ್ನು ಆರಿಸಿಕೊಂಡದ್ದರಿಂದ ಗ್ರೀಕಿನಲ್ಲಿ ಈ ನಂಟು ಕಾಣದು. ಲತೀನಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಕಾಣದು. ಕನ್ನಡಕ್ಕೆ ಅದನ್ನು ತೋರಿಸುವ ಶಕ್ತಿ ಇದೆ: ‘ಅವರ ಪಾಪವನ್ನು ಬಿಡು’, ‘ನನ್ನನ್ನೇಕೆ ಕೈಬಿಟ್ಟೆ’.

ಪದಗಳ ನಂಟಿನ ಮೇಲೆ ಇಡೀ ಸಿದ್ಧಾಂತವನ್ನು ಕಟ್ಟಬಾರದೆಂದು ವ್ಯಾಖ್ಯಾನಶಾಸ್ತ್ರ ಎಚ್ಚರಿಸುತ್ತದೆ. ಆ ಎಚ್ಚರಿಕೆ ನನಗೂ ಒಪ್ಪಿಗೆ. ಕೀರ್ತನೆಯ ಹೀಬ್ರೂ ಮೂಲದ ‘ಆಜವ್’ ಧಾತು ಕ್ಷಮೆಗೆ ಸಲ್ಲುವುದಿಲ್ಲ ಎಂಬುದನ್ನೂ ಮರೆಯಬಾರದು. ಆದರೂ ಸಾಲ ಬಿಟ್ಟವನು ನಷ್ಟ ಹೊರುತ್ತಾನೆಂದು ಒಪ್ಪಿದ ಮೇಲೆ, ಇತರರ ಸಾಲವನ್ನು ಬಿಡೆಂದು ಬೇಡಿದವರೇ ಬಿಡಲ್ಪಟ್ಟವರಾಗಿ ಕೂಗುವುದು ಅರ್ಥವಿಲ್ಲದ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಗಂಡ ಬಿಟ್ಟವಳು, ದೇವರಿಗೆ ಬಿಟ್ಟವಳು, ಅಜ್ಜಿಯ ಬಳಿ ಬಿಟ್ಟುಹೋದ ಮಗು: ಇವರ ಪಕ್ಕದಲ್ಲಿ ನಿಂತು ಕ್ಷಮೆಯ ಮಾತಾಡುವ ಹಕ್ಕು ಯಾರಿಗಾದರೂ ಇದ್ದರೆ ಅದು ‘ಸಬಕ್ತಾನಿ’ ಎಂದು ಕೂಗಿದವರಿಗೆ. ನಾವು ಯಾಜಕರು ಅವರ ಹೆಸರಿನಲ್ಲಿ ಮಾತ್ರ ಮಾತಾಡಬಲ್ಲೆವು. ಅದಕ್ಕಾಗಿ ಮೊದಲು ಆ ಕೂಗನ್ನು ಕೇಳಿಸಿಕೊಂಡಿರಬೇಕು. ಯೊವಾನ್ನನ ಶುಭಸಂದೇಶದಲ್ಲಿ, ಆ ಕೂಗಿಗೆ ಹಿಂದಿನ ರಾತ್ರಿಯೇ, ನಾನು ನಿಮ್ಮನ್ನು ಅನಾಥರನ್ನಾಗಿ ಬಿಡೆನು ಎಂದು ಪ್ರಭು ಶಿಷ್ಯರಿಗೆ ಮಾತು ಕೊಟ್ಟಿದ್ದರು (14:18). ಅಲ್ಲಿಯೂ ‘ಅಫಿಯೇಮಿ’. ಊರನ್ನು ಬಿಡದ ದೇವರಿಂದ ಹೊಳಲಿನವರು ಪಡೆಯುವ ಸಮಾಧಾನ ಈ ಮಾತಿಗೆ ಬಹಳ ದೂರದ್ದಲ್ಲ.

ಹಾಗಾದರೆ ಪ್ರಾರ್ಥನೆಯ ಪಾಠವನ್ನು ಬದಲಿಸಬೇಕೇ ಎಂದು ಕೇಳುವವರಿದ್ದಾರೆ. ಬೇಡ. ತಲೆಮಾರುಗಳಿಂದ ಮೊಣಕಾಲೂರಿ ಹೇಳಿದ ಪದಗಳಿಗೆ ತಮ್ಮದೇ ಆದ ಪಾವಿತ್ರ್ಯ ಬಂದಿರುತ್ತದೆ, ಮತ್ತು ಬಳಕೆಯಲ್ಲಿ ‘ಕ್ಷಮಿಸು’ ಎಂಬುದು ತನ್ನ ಧಾತ್ವರ್ಥವನ್ನು ಮೀರಿ ಬೆಳೆದಿದೆ. ಆದರೆ ಪ್ರಬೋಧನೆಯಲ್ಲಿ, ಧರ್ಮೋಪದೇಶದ ತರಗತಿಯಲ್ಲಿ, ವಿಶೇಷವಾಗಿ ಪಾಪನಿವೇದನೆಯ ಪೀಠದಲ್ಲಿ ಅದನ್ನು ಬಿಡಿಸಿ ಹೇಳುವುದು ನಮ್ಮ ಕೈಯಲ್ಲಿದೆ.

ಪೀಠದ ಮಾತಿಗೆ ಬಂದರೆ ಯೊವಾನ್ನ 20:23ನ್ನು ನೋಡಬೇಕು. ಪುನರುತ್ಥಾನಿ ಪ್ರಭು ಶಿಷ್ಯರ ಮೇಲೆ ಉಸಿರೂದಿ ಕೊಟ್ಟ ಅಧಿಕಾರದಲ್ಲಿ ಎರಡು ಕ್ರಿಯಾಪದಗಳಿವೆ: ಒಂದು ಬಿಡುವುದು, ಇನ್ನೊಂದು ಹಿಡಿಯುವುದು. ಗ್ರೀಕಿನ ‘ಕ್ರತೇಯೊ’ ಕೈಯಿಂದ ಗಟ್ಟಿಯಾಗಿ ಹಿಡಿಯುವುದನ್ನೇ ಹೇಳುತ್ತದೆ. ‘ಕ್ಷಮಿಸು’ ಎಂಬುದಕ್ಕೆ ಎದುರುಪದ ಹುಡುಕಲು ನಾವು ತಡಕಾಡುತ್ತೇವೆ. ‘ಬಿಡು’ವಿನ ಎದುರುಪದ ‘ಹಿಡಿ’ ಎಂದು ಹೊಳಲಿನ ಮಗುವಿಗೂ ಗೊತ್ತು. 1973ರಲ್ಲಿ ಪ್ರಕಟವಾದ ಸಂಧಾನ ಸಂಸ್ಕಾರದ ವಿಧಿಯಲ್ಲಿಯೂ ಯಾಜಕ ಉಚ್ಚರಿಸುವ ಲತೀನ್ ಕ್ರಿಯಾಪದಕ್ಕೆ ಕಟ್ಟು ಸಡಿಲಿಸು, ಬಿಡಿಸು ಎಂಬುದೇ ಅರ್ಥ. ಮೊಗ್ಗು ಬಿಡಿಸುವ, ಗಂಟು ಬಿಡಿಸುವ, ಸೆರೆ ಬಿಡಿಸುವ ಅದೇ ‘ಬಿಡಿಸು’.

ಗಂಡನನ್ನು ಕ್ಷಮಿಸಲಾಗದೆ ಪೀಠಕ್ಕೆ ಬಂದ ಆ ಹೆಣ್ಣುಮಗಳಿಗೆ ಯಾಜಕ ಮೊದಲು ಕೇಳಬೇಕಾದದ್ದು ‘ಸಾಲ ಎಷ್ಟಮ್ಮ?’ ಎಂದು. ಅವಳು ಎಣಿಸಿ ಹೇಳಲಿ. ಕೆನ್ನೆಯ ಮೇಲಿನ ಗುರುತನ್ನು, ಅಡವಿಟ್ಟ ಓಲೆಯನ್ನು, ಶಾಲೆ ಬಿಟ್ಟ ಮಗನನ್ನು. ಹೊಡೆತ ಇನ್ನೂ ನಡೆದೇ ಇದ್ದರೆ ಅವಳು ಸುರಕ್ಷಿತವಾಗಿ ಇರಬಲ್ಲ ಜಾಗ ಯಾವುದೆಂದು ವಿಚಾರಿಸಬೇಕು. ದಿನದಿನವೂ ಬೆಳೆಯುತ್ತಿರುವ ಸಾಲವನ್ನು ಬಿಡುವ ಮಾತು ಆಮೇಲಿನದು. ಬಿಡುವ ಹೊತ್ತು ಬಂದಾಗಲೂ ಅದು ಅವಳ ಕೈಯಲ್ಲಿರುವ ಪತ್ರ, ಹರಿಯುವವಳು ಅವಳೇ. ಲಾಜರನ ಸಮಾಧಿಯ ಮುಂದೆ ಪ್ರಭು ಸುತ್ತ ನಿಂತವರಿಗೆ ಹೇಳಿದ್ದು ಎರಡು ಕೆಲಸ (ಯೊವಾನ್ನ 11:44): ಅವನ ಕಟ್ಟುಗಳನ್ನು ಬಿಚ್ಚಿರಿ, ಅವನು ಹೋಗಲು ಬಿಡಿರಿ. ಎರಡನೆಯದು ನಮ್ಮ ‘ಅಫಿಯೇಮಿ’. ಅವನು ಎಲ್ಲಿಗೆ ಹೋಗಬೇಕೆಂದು ಸುತ್ತ ನಿಂತವರು ಹೇಳಲಿಲ್ಲ.